ಮುನಿಯಪ್ಪನಿಗೆ ಎಡೆ

ಚೇತನ್ ಹದಿನೆಂಟು ವರ್ಷದಿಂದ ಮಸ್ಕತ್ತಿನಲ್ಲಿ ಒಂದೇ ಕೆಲಸ ಮಾಡಿಕೊಂಡು ಬಂದವನು. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಹಾಗೆಂದರೆ ಏನು ಕೆಲಸವಪ್ಪಾ ಎಂದು ಬೆಂಗಳೂರಿನಲ್ಲಿ ನೆಂಟರು ಕೇಳಿದರೆ ವಿವರಿಸುವುದು ಅವನಿಗೆ ಕಷ್ಟ. ಇಂಜಿನಿಯರುಗಳು ನಕ್ಷೆ ಬರೆಯುತ್ತಾರೆ, ಆಮೇಲೆ ತಿದ್ದುತ್ತಾರೆ, ತಿದ್ದಿದ್ದನ್ನು ಮತ್ತೆ ತಿದ್ದುತ್ತಾರೆ. ಸೈಟಿನಲ್ಲಿ ಮೇಸ್ತ್ರಿಯ ಕೈಯಲ್ಲಿರುವುದು ಹೊಸ ನಕ್ಷೆಯೋ ಹಳೆಯದೋ ಎಂದು ನೋಡಿಕೊಳ್ಳುವವನು ಚೇತನ್. ಹೊಸದು ಬಂದ ಕೂಡಲೇ ಹಳೆಯದರ ಮೇಲೆ ‘ರದ್ದು’ ಎಂದು ಕೆಂಪು ಸೀಲು ಒತ್ತಿ ಕಪಾಟಿಗೆ ತಳ್ಳಬೇಕು. ಅದನ್ನು ಅವನು ಬಹಳ ಚೆನ್ನಾಗಿ ಮಾಡುತ್ತಿದ್ದ. ಮನೆಗೆ ಬಂದ ಮೇಲೂ ಆ ಬುದ್ಧಿ ಬಿಡಲಿಲ್ಲ ಎಂಬುದೇ ಅವನ ಮೇಲೆ ನನಗಿರುವ ತಕರಾರು.

ಮೊದಮೊದಲು ವಾದಿ ಕಬೀರ್ ಎಂಬ ಬಡಾವಣೆಯ ಗ್ಯಾರೇಜುಗಳ ಮಗ್ಗುಲಲ್ಲಿ ಇನ್ನೂ ಮೂವರ ಜೊತೆ ಒಂದು ಕೋಣೆಯಲ್ಲಿದ್ದ. ಮದುವೆಯಾಗಿ ಮಾನಸ ಬಂದ ಮೇಲೆ ಬೌಷರಿನಲ್ಲಿ ಫ್ಲ್ಯಾಟು ಹಿಡಿದ. ಮಗಳು ನಿಖಿತಾ ಹುಟ್ಟಿದ್ದು, ಶಾಲೆಗೆ ಸೇರಿದ್ದು, ಈಗ ಹತ್ತನೇ ತರಗತಿಗೆ ಬಂದಿದ್ದು ಎಲ್ಲ ಇಲ್ಲೇ. ಅಪ್ಪ ದೊರೆಸ್ವಾಮಿ ತೀರಿಕೊಂಡ ಮೇಲೆ ತಾಯಿ ಪದ್ಮಮ್ಮನನ್ನೂ ಕರೆಸಿಕೊಂಡ. ವೀಸಾ ಮುಗಿದಾಗ ಆಕೆ ಬೆಂಗಳೂರಿಗೆ ಹೋಗಿ ಮಗಳ ಮನೆಯಲ್ಲಿದ್ದು ಮತ್ತೆ ಬರುತ್ತಾಳೆ. ಒಟ್ಟಿನಲ್ಲಿ ಹೇಳಿಕೊಳ್ಳುವಂಥ ಸುಖವೂ ಅಲ್ಲ, ದುಃಖವೂ ಅಲ್ಲ, ಗಲ್ಫಿನ ಸಾವಿರಾರು ಮನೆಗಳ ಹಾಗೆ ಒಂದು ಮನೆ.

ಈ ವರ್ಷ ಬೇಸಿಗೆ ಕಾಲಿಟ್ಟ ಹೊತ್ತಿಗೆ ಮ್ಯಾನೇಜರ್ ಅಬ್ದುಲ್ಲಾ ಅವನನ್ನು ಕ್ಯಾಬಿನ್ನಿಗೆ ಕರೆದು ಚಹಾ ತರಿಸಿದ. ಆತ ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ಮಾತ್ರ ಚಹಾ ತರಿಸುತ್ತಾನೆ ಎಂಬುದು ಆಫೀಸಿಗೆಲ್ಲ ಗೊತ್ತು.

“ಚೇತನ್, ನಿನ್ನ ಹುದ್ದೆ ಇನ್ನು ಮೇಲೆ ನಮ್ಮ ದೇಶದ ಹುಡುಗರಿಗೆ. ವರ್ಷದ ಕೊನೆಗೆ ಖಲಾಸ್. ನನ್ನ ಕೈಯಲ್ಲಿ ಏನೂ ಇಲ್ಲ, ಭಾಯಿ.”

ನಲವತ್ನಾಲ್ಕನೇ ವಯಸ್ಸಿನಲ್ಲಿ, ಮಗಳು ಬೋರ್ಡ್ ಪರೀಕ್ಷೆಗೆ ಕೂರುವ ವರ್ಷ, ಚೇತನ್‌ಗೆ ಕಾಲ ಕೆಳಗಿನ ನೆಲ ಅಲುಗಿತು. ಊಟದ ಹೊತ್ತಿಗೆ ಸಂಗತಿ ಎಲ್ಲರಿಗೂ ತಿಳಿದಿತ್ತು. ಪಕ್ಕದ ಮೇಜಿನ ಸುಮಿತ್ ಡಬ್ಬಿ ಬಿಚ್ಚುತ್ತ ಸಮಾಧಾನಕ್ಕೆಂದು ತಮಾಷೆ ಮಾಡಿದ.

“ಅರೇ ಯಾರ್, ನನ್ನ ದೋಸ್ತ್ ಒಬ್ಬ ಇದ್ದ. ಅವನ ದಾದಾ, ಅಂದರೆ ತಾತ, ಇಂಗ್ಲೆಂಡಿನಲ್ಲಿ ಹುಟ್ಟಿದವನು. ಅಷ್ಟಕ್ಕೇ ಅವನಿಗೆ ಅಲ್ಲಿ ಕೆಲಸ ಮಾಡೋ ವೀಸಾ ಸಿಕ್ಕಿತು. ನಿನ್ನ ಖಾಂದಾನ್‌ನಲ್ಲೂ ಯಾರಾದರೂ ಗೋರಾ ಇದ್ದಾನಾ ನೋಡು!”

ಎಲ್ಲರೂ ನಕ್ಕರು. ಚೇತನ್‌ಗೆ ನಗು ಬರಲಿಲ್ಲ. ಅವನ ಕಿವಿ ನೆಟ್ಟಗಾಗಿತ್ತು.

ಯಾಕೆಂದರೆ ಪದ್ಮಮ್ಮನ ಕಣ್ಣು ಬೂದು ಬಣ್ಣ. ಆಕೆ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಬಿಳಿಯರು ಇನ್ನೂ ಗಣಿ ನಡೆಸುತ್ತಿದ್ದ ಕಾಲದಲ್ಲಿ. ಮದುವೆ ಮನೆಗಳಲ್ಲಿ ನೆಂಟರು ಆಕೆಯ ಮುಖ ನೋಡಿ ಪಿಸುಗುಟ್ಟುವುದನ್ನು ಚೇತನ್ ಹುಡುಗನಾಗಿದ್ದಾಗಲೇ ಕೇಳಿದ್ದ. ಒಮ್ಮೆ ಅಮ್ಮನನ್ನು ನೇರವಾಗಿ ಕೇಳಿಯೂ ಇದ್ದ. ಉತ್ತರ ಬೆನ್ನ ಮೇಲೆ ಬಿತ್ತು. ಆಮೇಲೆ ಆ ಮಾತು ಆ ಮನೆಯಲ್ಲಿ ಎದ್ದಿರಲಿಲ್ಲ.

ಅವತ್ತೇ ಸಂಜೆ ಅವನು ಬ್ರಿಟಿಷ್ ವಂಶದ ಹುಡುಕಾಟ ಹೇಗೆ ಶುರುಮಾಡಬೇಕು ಎಂದು ಫೋನಿನಲ್ಲಿ ಓದಿದ. ಎಲ್ಲ ಕಡೆಯೂ ಮೊದಲ ಪಾಠ ಒಂದೇ. ನಿಮ್ಮಿಂದಲೇ ಶುರುಮಾಡಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಮನೆಯ ಹಿರಿಯರನ್ನು ಅವರು ಇರುವಾಗಲೇ ಕೇಳಿ, ಅವರು ಹೇಳಿದ್ದನ್ನು ಧ್ವನಿಮುದ್ರಿಸಿಕೊಳ್ಳಿ. ಚೇತನ್‌ಗೆ ಇದು ಬಹಳ ಹಿಡಿಸಿತು. ಆದರೆ ಅಮ್ಮನ ಬಾಯಿ ಬಿಡಿಸುವುದು ಹೇಗೆ ಎಂದು ಯಾರೂ ಬರೆದಿರಲಿಲ್ಲ. ಅದನ್ನು ಅವನೇ ಕಂಡುಹಿಡಿದ. ಸುಳ್ಳು ಹೇಳಿದ.

ಶುಕ್ರವಾರ, ರಜೆಯ ದಿನ. ಪದ್ಮಮ್ಮ ಹಾಲಿನಲ್ಲಿ ಪೇಪರು ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

“ಅಮ್ಮ, ನಿಖಿತಾಗೆ ಸ್ಕೂಲಿನಲ್ಲಿ ಪ್ರಾಜೆಕ್ಟ್ ಕೊಟ್ಟಿದಾರೆ. ಮನೆ ಹಿರಿಯರ ಕಥೆ ರೆಕಾರ್ಡ್ ಮಾಡಬೇಕಂತೆ. ನಿಮ್ಮಪ್ಪ ಅಮ್ಮನ ವಿಷಯ ಹೇಳು,” ಎಂದ. ಮಗಳಿಗೆ ಮೊದಲೇ ಹೇಳಿಕೊಟ್ಟಿದ್ದ. ಅಜ್ಜಿಯ ಕಥೆ ಜೋಪಾನ ಮಾಡಲು ಅಪ್ಪ ಒಂದು ಚಿಕ್ಕ ಸುಳ್ಳು ಹೇಳುತ್ತಿದ್ದಾನೆ ಎಂದಷ್ಟೇ ಅವಳು ತಿಳಿದಿದ್ದಳು.

ಪದ್ಮಮ್ಮ ಕೈಯಲ್ಲಿದ್ದ ಕಟ್ಟನ್ನು ಬಿಡಿಸಿ ಮುಗಿಸಿದಳು. ಆಮೇಲೆ ಕೈ ಒರೆಸಿಕೊಂಡಳು.

“ಮಗೀಗೆ ಬೇಕು ಅಂದ್ರೆ ಹೇಳ್ತೀನಿ. ನಿಂಗೆ ಅಂದಿದ್ರೆ ಹೇಳ್ತಿರ್ಲಿಲ್ಲ.”

“ಅಜ್ಜಿ, ವೇಟ್, ರೆಕಾರ್ಡಿಂಗ್ ಆನ್ ಮಾಡ್ತೀನಿ,” ಎಂದು ನಿಖಿತಾ ಫೋನನ್ನು ಸೊಪ್ಪಿನ ಪಕ್ಕದಲ್ಲಿಟ್ಟಳು.

ಎಪ್ಪತ್ತು ದಾಟಿದ ಹೆಂಗಸು ತನ್ನ ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದಳು. ಅವಳ ಅವ್ವ ಪೆನ್‌ರೋಸ್ ಎಂಬ ದೊರೆಯ ಬಂಗಲೆಯಲ್ಲಿ ಕೆಲಸಕ್ಕಿದ್ದಳಂತೆ. ಅವಳು ಬಸುರಿಯಾದ ಮೇಲೆ ದೊರೆ ರಜೆಯೆಂದು ಹಡಗು ಹತ್ತಿದವನು ವಾಪಸು ಬರಲಿಲ್ಲವಂತೆ. ಗಣಿ ಆಸ್ಪತ್ರೆಯಲ್ಲಿ ಹೆರಿಗೆ ಆದಾಗ ತವರಿನವರು ಯಾರೂ ಆ ಕಡೆ ತಲೆ ಹಾಕಲಿಲ್ಲ. ಬಂದವನು ಮುನಿಯಪ್ಪ ಒಬ್ಬನೇ. ಗಣಿಯ ಒಳಗೆ ಇಳಿದು ಮರದ ಕಂಬ ನಿಲ್ಲಿಸುವ ಆಳು, ಅವ್ವನ ಕೇರಿಯವನು.

“ಆಸ್ಪತ್ರೆ ಬಾಗ್ಲಲ್ಲಿ ಹೆಗಲ ಮೇಲಿನ ಟವಲ್ಲು ತೆಗ್ದು ಹಿಡ್ಕೊಂಡು, ಮಗೀನ ಇಲ್ಲಿ ಕೊಡಿ, ನಂದು ಅಂದ್ನಂತೆ. ಅಷ್ಟೇ. ಅವತ್ತಿಂದ ನಾನು ಯಾರ ಮಗಳು ಅಂತ ಯಾರೂ ಕೇಳ್ಲಿಲ್ಲ. ಅವ್ನು ಕೇಳೋಕೆ ಬಿಡ್ಲಿಲ್ಲ. ಇಸ್ಕೂಲಿಗೆ ಹಾಕ್ದಾಗ ಅವ್ನ ಹೆಸ್ರೇ ಬರ್ಸಿದ. ಮದ್ವೆ ಆದ್ಮೇಲೂ ಅವ್ರಿಗೆ ಬೇರೆ ಮಕ್ಕಳೇ ಆಗ್ಲಿಲ್ಲ, ಅದಕ್ಕೂ ಅವ್ವನ್ನ ಒಂದಿನ ಅಂದೋನಲ್ಲ.”

ಚೇತನ್‌ಗೆ ಮುನಿಯಪ್ಪ ತಾತ ನೆನಪಿದ್ದ. ಗಣಿಯ ದೂಳು ಕುಡಿದು ಎದೆ ಹೋಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಕೆಮ್ಮುತ್ತಿದ್ದ. ಆದರೂ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಚಿನ್ನ ತೆಗೆದ ಮಣ್ಣು ಸುರಿದಿದ್ದ ಸೈನೈಡ್ ದಿಬ್ಬದ ತನಕ ನಡೆಯುತ್ತಿದ್ದ. ತಾತ ಸತ್ತಾಗ ಚೇತನ್ ಮೂರನೇ ಕ್ಲಾಸು.

“ದೊರೆ ಹೆಸ್ರು ಬರೀಬೇಡ ಕಂದ,” ಎಂದು ಪದ್ಮಮ್ಮ ಕೊನೆಗೆ ಮೊಮ್ಮಗಳಿಗೆ ಹೇಳಿದಳು. “ಮಿಸ್ಸು ಕೇಳಿದ್ರೆ ಅಜ್ಜಿ ಅಪ್ಪ ಮುನಿಯಪ್ಪ ಅಂತ್ಲೇ ಬರಿ.”

ಅಷ್ಟರಲ್ಲಿ ಅವಳ ಮಗ ಸೋಫಾದ ಮೇಲೆ ಕೂತು ಪೆನ್‌ರೋಸ್ ಎಂದು ಟೈಪು ಮಾಡಿ ಆಗಿತ್ತು.

ಆಮೇಲಿನ ವಾರಗಳಲ್ಲಿ ಚೇತನ್ ಖುಷಿಯಾಗಿದ್ದ ಎನ್ನಲೇಬೇಕು. ನೌಕರಿ ಹೋಗುವ ಮನುಷ್ಯ ಹಾಗೆ ಸಿಳ್ಳೆ ಹಾಕುತ್ತ ಓಡಾಡುವುದನ್ನು ಕಂಡು ಮಾನಸಾಗೆ ಭಯವಾಯಿತು. ಇಂಗ್ಲೆಂಡಿನವರು ಕಾಗದವನ್ನು ಕಾಪಾಡುವ ರೀತಿ ಅವನ ಕಸುಬಿನ ಕಣ್ಣಿಗೆ ಹಬ್ಬವಾಗಿತ್ತು. ಹುಟ್ಟು, ಮದುವೆ, ಸಾವು ಎಲ್ಲವನ್ನೂ ಸರಕಾರ ಹತ್ತೊಂಬತ್ತನೇ ಶತಮಾನದಿಂದಲೇ ಬರೆದಿಟ್ಟಿತ್ತು. ಹತ್ತು ವರ್ಷಕ್ಕೊಮ್ಮೆ ಮನೆಮನೆಯ ಜನಗಣತಿ, ಅದೂ ಮಕ್ಕಳ ಹೆಸರು ವಯಸ್ಸಿನ ಸಮೇತ. ಮೊದಲು ಕೋಲಾರಕ್ಕೆ ಗಣಿಯವರನ್ನು ಕಳಿಸುತ್ತಿದ್ದ ಕಾರ್ನ್‌ವಾಲ್ ಸೀಮೆಯ ತಪ್ಪು ಪೆನ್‌ರೋಸ್ ಒಬ್ಬನ ಬೆನ್ನು ಹತ್ತಿದ. ಅವನು ಜೀವಮಾನವಿಡೀ ಮೀನು ಹಿಡಿದು ಅಲ್ಲೇ ಸತ್ತವನು. ಒಂದೇ ಹೆಸರಿನವರು ಎಷ್ಟೋ ಜನ ಇರುತ್ತಾರೆ, ಊರು, ವಯಸ್ಸು, ಕಸುಬು ಮೂರೂ ಹೊಂದದೆ ನಂಬಬೇಡಿ ಎಂಬ ಪಾಠ ಆಗ ಅರ್ಥವಾಯಿತು. ಎರಡನೆಯ ಪೆನ್‌ರೋಸ್ ಗಣಿ ಕೆಲಸದವರ ಊರಿನವನು. ಚಾಪೆಲ್ಲಿನಲ್ಲಿ, ಅಂದರೆ ಊರಿನ ಚಿಕ್ಕ ಚರ್ಚಿನಲ್ಲಿ, ನಾಮಕರಣವಾಗಿತ್ತು, ಜನಗಣತಿಯಲ್ಲಿ ಅಪ್ಪ ಅಮ್ಮ ಅಕ್ಕಂದಿರ ಜೊತೆ ಸಿಕ್ಕಿದ, ಮುಂಬೈಗೆ ಹೊರಟ ಹಡಗಿನ ಪ್ರಯಾಣಿಕರಲ್ಲಿ ಸಿಕ್ಕಿದ. ಊರಲ್ಲಿ ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಅವನ ಮೊಮ್ಮಕ್ಕಳು ಇಂಟರ್‌ನೆಟ್ಟಿನಲ್ಲಿ ನಾಲ್ಕು ಕಡೆ ಅವನ ವಂಶವೃಕ್ಷ ಹಾಕಿ, ಸಮಾಧಿಯ ಮೇಲೆ ಹೂವಿಟ್ಟ ಫೋಟೋ ಏರಿಸಿದ್ದರು. ಚೇತನ್ ಅವನ ಜನನ ಪ್ರಮಾಣಪತ್ರ ತರಿಸಿಕೊಂಡ. ಅಂಚೆಯಲ್ಲಿ ಬಂದ ಆ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ನೋಡಿದಾಗ, ನನ್ನ ತಾತ ಎಂದು ಮೊದಲ ಸಲ ಅನ್ನಿಸಿತು. ಅನ್ನಿಸಿದ ಕೂಡಲೇ ಕಾಗದವನ್ನು ಡ್ರಾಯರಿಗೆ ಹಾಕಿ ಅಮ್ಮ ಎಲ್ಲಿದ್ದಾಳೆ ಎಂದು ನೋಡಿದ.

ವೀಸಾದ ಅರ್ಜಿಗಳನ್ನು ಸಿದ್ಧಮಾಡಿಕೊಡುವ ಒಂದು ಸಣ್ಣ ಆಫೀಸು ರೂವಿಯಲ್ಲಿತ್ತು. ಅಲ್ಲಿ ಕೂರುವ ಶಮೀನಾ ಮಂಗಳೂರಿನವಳು. ಗಣಿ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಯ ನಕಲನ್ನೂ ಚೇತನ್ ಊರಿನ ಸ್ನೇಹಿತನಿಂದ ತರಿಸಿದ್ದ. ಅವಳು ಎಲ್ಲವನ್ನೂ ಹರಡಿಕೊಂಡು ನೋಡಿದಳು.

“ಆಸ್ಪತ್ರೆದ್ರಲ್ಲಿ ತಂದೆ ಪೆನ್‌ರೋಸ್ ಅಂತ ಉಂಟು. ಆದ್ರೆ ಅಮ್ಮನ ಸ್ಕೂಲು, ಪಾಸ್‌ಪೋರ್ಟ್, ಎಲ್ಲದ್ರಲ್ಲೂ ಮುನಿಯಪ್ಪ. ಇಬ್ಬರು ತಂದೆ ಆಗುದಿಲ್ಲ ಅಲ್ವಾ ಮಾರ್ರೆ, ಒಬ್ಬರನ್ನು ತೆಗಿಬೇಕು. ಮುನಿಯಪ್ಪ ನನ್ನ ತಂದೆ ಅಲ್ಲ ಅಂತ ಅಮ್ಮ ಪ್ರಮಾಣ ಮಾಡಿ ಸಹಿ ಹಾಕಿದ್ರೆ ಕೇಳಿ ನೋಡ್ಬಹುದು. ಅವರಿಗೆ ಇದೆಲ್ಲ ಗೊತ್ತುಂಟಲ್ಲ?”

“ಗೊತ್ತು,” ಎಂದ ಚೇತನ್.

ಹಳೆಯದನ್ನು ರದ್ದು ಮಾಡುವುದು ಅವನಿಗೆ ಕೈಗೆ ಬಂದ ವಿದ್ಯೆ ತಾನೆ. ಹೊಸ ನಕ್ಷೆ ಬಂದಿದೆ, ಹಳೆಯದರ ಮೇಲೆ ಸೀಲು ಬಿದ್ದರೆ ಯಾರಿಗೇನು ನಷ್ಟ, ಸತ್ತ ಮನುಷ್ಯನಿಗೆ ಏನು ಗೊತ್ತಾಗುತ್ತದೆ ಎಂದು ಕಾರು ಓಡಿಸುತ್ತ ತನಗೆ ತಾನೇ ಹೇಳಿಕೊಂಡ. ನಿಖಿತಾಳ ಮುಂದಿನ ಓದು, ಮನೆ, ಮಾನಸಾಳ ಮುಖ ಎಲ್ಲವನ್ನೂ ಒಂದರ ಮೇಲೊಂದು ನೆನೆದ.

ಪದ್ಮಮ್ಮನಿಗೆ ಇಂಗ್ಲಿಷ್ ಬಾರದು. ನಿಖಿತಾಳ ಕಾಲೇಜಿಗೆ ಬೇಕಾದ ಕಾಗದ ಎಂದು ಹೇಳಿ ಚೇತನ್ ಆಕೆಯನ್ನು ಸಹಿಗೆಂದು ಭಾರತದ ರಾಯಭಾರ ಕಚೇರಿಗೆ ಕರೆದುಕೊಂಡು ಹೋದ. ಆಕೆ ಒಳ್ಳೆಯ ಸೀರೆ ಉಟ್ಟು ಬಂದಳು. ಕೌಂಟರಿನ ಗುಮಾಸ್ತ ಹಿಂದಿಯಲ್ಲಿ, “ಮಾತಾಜಿ, ಏನು ಬರೆದಿದೆ ಗೊತ್ತಲ್ಲ?” ಎಂದು ಕೇಳಿದ.

“ನನ್ನ ಮಗ ಓದವ್ನೆ, ಸಾಕು,” ಎಂದಳು ಪದ್ಮಮ್ಮ. ಆ ಮಾತಿನಲ್ಲಿ ಹೆಮ್ಮೆ ಇತ್ತು. ಚೇತನ್ ಅದನ್ನು ಹಿಂದಿಗೆ ತಿರುಗಿಸಿ ಹೇಳಬೇಕಾಗಿ ಬಂತು, ಹೇಳಿದ.

ಆಕೆ ಕನ್ನಡಕ ಹಾಕಿಕೊಂಡು, ಬಗ್ಗಿ, ಒಂದೊಂದೇ ಅಕ್ಷರ ದುಂಡಗೆ ಬರೆದಳು. ಶಾಲೆಯಲ್ಲಿ ಕಲಿತ ಹಾಗೆಯೇ ಎಂ. ಪದ್ಮಮ್ಮ ಎಂದು. ಆ ಎಂ. ಎಂದರೆ ಮುನಿಯಪ್ಪ. ಮುನಿಯಪ್ಪ ನನ್ನ ತಂದೆಯಲ್ಲ ಎಂಬ ಮಾತಿನ ಕೆಳಗೆ ಮುನಿಯಪ್ಪನ ಹೆಸರಿನಲ್ಲೇ ಸಹಿ ಬಿತ್ತು. ಚೇತನ್ ಅದನ್ನು ನೋಡಿದ, ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ. ವಾಪಸು ಬರುವಾಗ ಅಮ್ಮನಿಗೆ ಇಷ್ಟವೆಂದು ಕಬ್ಬಿನ ಹಾಲು ಕುಡಿಸಿದ. ಇದಕ್ಕಿಂತ ನಾಚಿಕೆಗೆಟ್ಟ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

ಸತ್ಯ ಹೊರಗೆ ಹಾಕಿದವಳು ನಿಖಿತಾ. ಶಮೀನಾಗೆ ಕಳಿಸಲೆಂದು ಆ ಕಾಗದವನ್ನು ಸ್ಕ್ಯಾನ್ ಮಾಡು ಎಂದು ಚೇತನ್ನೇ ಕೊಟ್ಟಿದ್ದ. ಮಗಳು ಓದಲಾರಳು ಎಂದುಕೊಂಡಿದ್ದನೋ, ಓದಿದರೆ ತನ್ನ ಭಾರ ಇಳಿದೀತು ಎಂದುಕೊಂಡಿದ್ದನೋ, ಅವನನ್ನೇ ಕೇಳಬೇಕು. ಅವಳು ಓದಿದಳು, ನೇರವಾಗಿ ಅಜ್ಜಿಯ ಹತ್ತಿರ ಹೋದಳು.

“ಅಜ್ಜಿ, ಯು ಸೈನ್ಡ್ ದಿಸ್? ಮುನಿಯಪ್ಪ ತಾತ ನಿನ್ನ ಫಾದರ್ ಅಲ್ಲ ಅಂತ ಬರ್ದಿದೆ. ಬಟ್ ಯು ಸೆಡ್...”

ಬಾಗಿಲಲ್ಲಿ ಚೇತನ್ ನಿಂತಿದ್ದ. ಅಮ್ಮ ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ. ಮೊಮ್ಮಗಳ ಕೈಯಿಂದ ಕಾಗದ ತೆಗೆದುಕೊಂಡು ತನ್ನ ಸಹಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಅದನ್ನು ವಾಪಸು ಕೊಟ್ಟು, “ಪ್ರಾಜೆಕ್ಟು ಚೆನ್ನಾಗಿ ಮಾಡ್ದೆ ಕಣಮ್ಮ,” ಎಂದು ಒಳಗೆ ಹೋದಳು. ನಿಖಿತಾ ಅಪ್ಪನ ಮುಖ ನೋಡಿದಳು. ಆ ನೋಟದಲ್ಲಿ ಮೊದಲಿದ್ದ ನಂಬಿಕೆ ಇರಲಿಲ್ಲ.

ಆಮೇಲೆ ಮನೆಯಲ್ಲಿ ಮಾತು ಎಂದಿನಂತೆಯೇ ನಡೆಯಿತು. ಊಟ ಆಯ್ತಾ, ಆಯ್ತು. ಬೇಗ ಬಾ, ಬರ್ತೀನಿ. ಚೇತನ್ ಕ್ಷಮೆ ಕೇಳಲು ಎಷ್ಟೋ ಸಲ ಅಮ್ಮನ ಕೋಣೆಯ ತನಕ ಹೋಗಿ, ಎಸಿ ಸರಿಯಾಗಿದೆಯಾ ಎಂದು ಕೇಳಿ ಬಂದ. ಆದರೂ ಸ್ಕ್ಯಾನ್ ಮಾಡಿದ್ದನ್ನೂ ಮೂಲ ಕಾಗದವನ್ನೂ ಶಮೀನಾಗೆ ಕಳಿಸಿದ. ತಪ್ಪು ಎಂದು ಗೊತ್ತಿದ್ದೂ ಕಳಿಸಿದ.

ಹೀಗಿರುವಾಗ ಮಹಾಲಯ ಅಮಾವಾಸ್ಯೆ ಬಂತು. ಅವರ ಮನೆಯಲ್ಲಿ ಅದು ಹಿರಿಯರ ಹಬ್ಬ. ಸತ್ತವರಿಗೆ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದನ್ನೇ ಮಾಡಿ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋದ ಮೇಲೆ ಆ ಎಲೆಗಳಲ್ಲೇ ಮನೆಯವರ ಊಟ. ಗಂಡುಮಕ್ಕಳಿಲ್ಲದ ಮುನಿಯಪ್ಪನಿಗೆ ಪದ್ಮಮ್ಮನೇ ಎಡೆ ಇಡುತ್ತ ಬಂದವಳು. ಹೆಣ್ಣುಮಗಳು ತವರಿನವರಿಗೆ ಇಡಬಾರದೆಂದು ಅತ್ತೆಮನೆಯವರು ತಗಾದೆ ತೆಗೆದಾಗ, ಇಡದಿದ್ದರೆ ನಾನೂ ಉಣ್ಣುವುದಿಲ್ಲ ಎಂದು ಹಟ ಹಿಡಿದು ಗೆದ್ದಿದ್ದಳು.

ಚೇತನ್ ಅರ್ಧ ದಿನ ರಜೆ ಹಾಕಿ ಬಂದ. ಮನೆಯೆಲ್ಲ ಸಾಂಬ್ರಾಣಿ ಹೊಗೆ, ಮಟನ್ ಸಾರಿನ ವಾಸನೆ. ಹಾಲಿನಲ್ಲಿ ಬಾಳೆ ಎಲೆ ಹಾಕಿತ್ತು. ದೊರೆಸ್ವಾಮಿಗೆ ಒಂದು, ಅವನ ಅಪ್ಪ ಅಮ್ಮನಿಗೆ ಎರಡು, ಪದ್ಮಮ್ಮನ ಅವ್ವನಿಗೆ ಒಂದು. ಅಲ್ಲಿಗೆ ಮುಗಿದಿತ್ತು.

“ಅಮ್ಮ, ಮುನಿಯಪ್ಪ ತಾತಂಗೆ?”

“ನಾನು ಹಾಕೋ ಹಂಗಿಲ್ಲಪ್ಪ,” ಎಂದಳು ಪದ್ಮಮ್ಮ, ವಡೆ ಬಡಿಸುತ್ತ. ಧ್ವನಿ ಏರಲಿಲ್ಲ. “ನಮ್ಮಪ್ಪ ಅಲ್ಲ ಅಂತ ಬರ್ಕೊಟ್ಟಿದೀನಿ. ಇನ್ಯಾವ ಬಾಯಲ್ಲಿ ಕರೀಲಿ? ಬೇಕಾದ್ರೆ ನಿಮ್ಮ ದೊರೆಗೊಂದು ಎಲೆ ಹಾಕು. ಏನು ಉಣ್ತಿದ್ದ ಹೇಳು, ಮಾಡಿಕೊಡ್ತೀನಿ.”

ಚೇತನ್‌ಗೆ ಪೆನ್‌ರೋಸ್ ಹುಟ್ಟಿದ ಬೀದಿ ಗೊತ್ತಿತ್ತು. ಅವನ ಅಕ್ಕಂದಿರ ಹೆಸರು ಗೊತ್ತಿತ್ತು, ಹಡಗಿನ ಹೆಸರು ಗೊತ್ತಿತ್ತು, ಯಾವ ಚಾಪೆಲ್ಲಿನ ಹಿಂದೆ ಮಣ್ಣಾದ ಎಂಬುದೂ ಗೊತ್ತಿತ್ತು. ಆ ಮನುಷ್ಯ ಏನು ಉಣ್ಣುತ್ತಿದ್ದ ಎಂದು ಅವನಿಗೆ ಗೊತ್ತಿರಲಿಲ್ಲ. ಅದಕ್ಕಿಂತ ಇನ್ನೊಂದು ಅವನ ಎದೆಗೆ ಹೊಡೆಯಿತು. ಪೆನ್‌ರೋಸ್‌ಗೆ ಹೂವಿಡಲು ಮೊಮ್ಮಕ್ಕಳ ದಂಡೇ ಇದೆ. ಮುನಿಯಪ್ಪನನ್ನು ವರ್ಷಕ್ಕೊಮ್ಮೆ ಊಟಕ್ಕೆ ಕರೆಯಲು ಇಡೀ ಪ್ರಪಂಚದಲ್ಲಿ ಇದ್ದವಳು ಇವಳೊಬ್ಬಳು, ಅವಳ ಬಾಯಿಗೆ ತಾನೇ ಬೀಗ ಹಾಕಿಬಿಟ್ಟಿದ್ದೇನೆ.

ಅಲ್ಲೇ ನಿಂತು ಶಮೀನಾಗೆ ಫೋನು ಮಾಡಿದ. ಎಲ್ಲರಿಗೂ ಕೇಳುವ ಹಾಗೆ, ಅರ್ಜಿ ಬೇಡ, ಕಾಗದ ಹರಿದು ಹಾಕಿ ಎಂದ.

“ಯೋಚನೆ ಮಾಡಿದ್ರಾ? ಆಮೇಲೆ ಬೇಕು ಅಂದ್ರೆ ಮತ್ತೆ ಮೊದ್ಲಿಂದ ಆಗ್ತದೆ,” ಎಂದಳು ಶಮೀನಾ.

“ಮಾಡಿದೆ. ಹರಿದು ಹಾಕಿ.”

ಮಾನಸ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ವರ್ಷದ ಕೊನೆ ದೂರವಿರಲಿಲ್ಲ, ಇದ್ದ ಒಂದು ದಾರಿಯೂ ಈಗ ಮುಚ್ಚಿತು. ಚೇತನ್ ಅಮ್ಮನ ಕಡೆ ತಿರುಗಿದ.

“ಅಮ್ಮ, ನಾನು ಮಾಡಿದ್ದು ತಪ್ಪು. ಸುಳ್ಳು ಹೇಳಿ ನಿನ್ನ ಕೈಲಿ ಬರೆಸಿದೆ. ಆಯ್ತು, ಅದು ಹೋಯ್ತು. ಈಗ ತಾತನ್ನ ಕರಿ.”

ಪದ್ಮಮ್ಮ ಅವನನ್ನು ಸಿಟ್ಟಿನಿಂದ ನೋಡಲಿಲ್ಲ. ಸಿಟ್ಟಾಗಿದ್ದರೆ ಚೇತನ್‌ಗೆ ಎಷ್ಟೋ ಸುಲಭವಾಗುತ್ತಿತ್ತು.

“ಹರಿದ್ರೆ ಕಾಗದ ಹೋಗ್ತದೆ ಕಣಪ್ಪ. ನಾನು ಕೈಯಾರೆ ಬರೆಯೋದನ್ನ ಮೇಲಿಂದ ಅವ್ನು ನೋಡ್ದ. ಅವ್ನು ನೋಡಿದ್ದು ಎಲ್ಲಿ ಹೋಗ್ತದೆ?”

ಚೇತನ್ ತಾನೇ ಒಂದು ಎಲೆ ತೊಳೆದು ತಂದು ಅಮ್ಮನ ಅವ್ವನ ಎಲೆಯ ಪಕ್ಕದಲ್ಲಿ ಹಾಸಿದ. ಮುದ್ದೆ ಇಟ್ಟ, ಸಾರು ಬಿಟ್ಟ. ಸಾರು ಎಲೆ ದಾಟಿ ನೆಲಕ್ಕೆ ಹರಿಯಿತು. “ತಾತ, ಬಾ,” ಎಂದ. ಬಾಗಿಲು ಮುಂದೆ ಮಾಡಿ ನಾಲ್ವರೂ ಕಾರಿಡಾರಿನಲ್ಲಿ ನಿಂತರು. ಎದುರು ಫ್ಲ್ಯಾಟಿನ ಈಜಿಪ್ಟಿನ ಹೆಂಗಸು ತರಕಾರಿ ಹಿಡಿದು ಬಂದು, ಬೀಗ ಕಳೆದುಹೋಯಿತೇ ಎಂದು ಸನ್ನೆಯಲ್ಲಿ ಕೇಳಿದಳು. ಇಲ್ಲವೆಂದು ಮಾನಸ ತಲೆಯಾಡಿಸಿದಳು.

ಒಳಗೆ ಹೋಗಿ ಮಾನಸ, ನಿಖಿತಾ ಒಂದೊಂದು ಎಲೆಗೆ ಕೂತರು. ಮುನಿಯಪ್ಪನ ಎಲೆಯಲ್ಲಿ ಪ್ರತಿ ವರ್ಷ ಉಣ್ಣುತ್ತಿದ್ದವಳು ಪದ್ಮಮ್ಮ. ಚೇತನ್ ಅದರ ಮುಂದೆ ಮಣೆ ಹಾಕಿ ಅಮ್ಮನ ಮುಖ ನೋಡಿದ.

“ನೀನು ಕರ್ದಿದ್ದು. ನೀನೇ ಉಣ್ಣು,” ಎಂದಳು.

ಅವನು ಕೂತ. ಮುದ್ದೆ ಮುರಿದು ಬಾಯಿಗಿಟ್ಟ. ಕಣ್ಣೀರು ಮೂಗಿನಲ್ಲಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಎಡಗೈಯೂ ಏಳಲಿಲ್ಲ. ಪದ್ಮಮ್ಮ ಬಂದು ಇನ್ನೊಂದು ಸೌಟು ಸಾರು ಬಿಟ್ಟಳು, ಉಪ್ಪು ಸರಿಯಾಗಿದೆಯಾ ಎಂದು ನಿಖಿತಾಳನ್ನು ಕೇಳಿದಳು, ಎಲ್ಲರಿಗೂ ಎರಡೆರಡು ಸಲ ಬಡಿಸಿದಳು. ತಾನು ಮಾತ್ರ ಅವತ್ತು ಊಟಕ್ಕೆ ಕೂರಲಿಲ್ಲ.